ಗುಡ್ಡೆ ಜಾಗಕ್ಕೆ ಸಣ್ಣ ಟ್ರ್ಯಾಕ್ಟರ್: ಫೋರ್ ವೀಲ್ ಬೇಕಾ, ಟಿಲ್ಲರ್ ಸಾಕಾ?

ಪೆರ್ಡೂರು ತೋಟ (ಶನಿವಾರ ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಎರಡು ತಿಂಗಳಿಂದ ಇದೇ ಮಾತು, ಇನ್ನೂ ತೀರ್ಮಾನ ಆಗಿಲ್ಲ. ಗುಡ್ಡೆ ಜಾಗದಲ್ಲಿ ಸಣ್ಣ ಟ್ರ್ಯಾಕ್ಟರ್ ಓಡಿಸಿ ಗೊತ್ತಿರುವವರು ಹೇಳಿದರೆ ದೊಡ್ಡ ಉಪಕಾರ.

ನಮ್ಮದು ಪೆರ್ಡೂರಿನ ಹತ್ತಿರ ನಾಲ್ಕೂವರೆ ಎಕರೆ. ಮನೆ ಮೇಲೆ, ಡಾಮರು ರಸ್ತೆಯ ಬದಿಗೆ. ಮನೆಯ ಹಿಂದೆ ಗೇರು ಗುಡ್ಡೆ. ಅದನ್ನು ಇಳಿದರೆ ಮೂರು ತಟ್ಟಿನಲ್ಲಿ ಅಡಿಕೆ ತೋಟ, ತೋಟದ ಕೆಳಗೆ ತೋಡು, ತೋಡಿನ ಆಚೆ ಮುಕ್ಕಾಲು ಎಕರೆ ಬೈಲು ಗದ್ದೆ. ಹಟ್ಟಿ ಇರುವುದು ಮನೆಯ ಹತ್ತಿರ. ಹಾಗಾಗಿ ಗೊಬ್ಬರ ಮೇಲಿಂದ ಕೆಳಗೆ ಹೋಗಬೇಕು. ಅಡಿಕೆ, ತೆಂಗಿನಕಾಯಿ, ದನಗಳಿಗೆ ಹುಲ್ಲು ಕೆಳಗಿಂದ ಮೇಲೆ ಬರಬೇಕು. ಎಲ್ಲವೂ ತಲೆಹೊರೆ.

ಅಪ್ಪನಿಗೆ 68 ಆಯ್ತು. ಹೋದ ವರ್ಷ ಗೊಬ್ಬರ ಹೊರುವುದಕ್ಕೆ ಜನ ಸಿಗದೆ ಅವರೇ ಬುಟ್ಟಿ ಹೊತ್ತರು. ಎರಡನೇ ದಿನ ಸಂಜೆ ಮೆಟ್ಟಿಲ ಮೇಲೆ ಕೂತು ಮೊಣಕಾಲು ಹಿಡಿದುಕೊಂಡದ್ದನ್ನು ನೋಡಿ ನನಗೆ ಊಟ ಸೇರಲಿಲ್ಲ.

ಬಜೆಟ್ 7 ಲಕ್ಷ, ಟ್ರೇಲರ್ ಸೇರಿ. ಶೋರೂಮಿನಲ್ಲಿ ನೋಡಿ ಬಂದದ್ದು ಕುಬೋಟಾ ಬಿ2441, ಮಹೀಂದ್ರ ಜೀವೋ 245, ವಿಎಸ್‌ಟಿ ಎಂಟಿ 270. ಎಲ್ಲವೂ 24ರಿಂದ 27 ಎಚ್‌ಪಿ, ಫೋರ್ ವೀಲ್ ಡ್ರೈವ್. ದೊಡ್ಡಪ್ಪ, ಹಿಂದೆ ನಡೆಯುತ್ತಾ ಹ್ಯಾಂಡಲ್ ಹಿಡಿದು ಓಡಿಸುವ ಟಿಲ್ಲರ್ ಸಾಕು ಅಂತಾರೆ. ತಮ್ಮ, ತೆಗೆಯುವುದಾದರೆ ದೊಡ್ಡದೇ ತೆಗೆಯುವ ಅಂತಾನೆ. ನನ್ನ ಪ್ರಶ್ನೆ ಇಷ್ಟೇ: ಈ ಸಣ್ಣ ಟ್ರ್ಯಾಕ್ಟರ್ ನಮ್ಮ ಗುಡ್ಡೆ ಹತ್ತುತ್ತದಾ?

ಮುರಕಲ್ಲು

ಹತ್ತುತ್ತೆ. ಧೈರ್ಯವಾಗಿ ತೆಗೊಳ್ಳಿ.

ಟಿಲ್ಲರ್ ಅಣ್ಣ

ನಿಮ್ಮ ದೊಡ್ಡಪ್ಪ ಹೇಳಿದ್ದು ಸರಿ ಮಾರಾಯ್ರೇ. ನಾಲ್ಕೂವರೆ ಎಕರೆಗೆ ಟ್ರ್ಯಾಕ್ಟರ್ ಯಾಕೆ? ನನ್ನ ಹತ್ತಿರ ಕೇರಳದ ಕಾಮ್ಕೋ ಟಿಲ್ಲರ್ ಉಂಟು, 12 ಎಚ್‌ಪಿ. ಹದಿನಾಲ್ಕು ವರ್ಷ ಆಯ್ತು. ಬೈಲು ಉಳುತ್ತೆ, ಟ್ರೇಲರ್ ಕಟ್ಟಿದರೆ ಗೊಬ್ಬರ ಸಾಗಿಸುತ್ತೆ, ಪಂಪ್ ಕಟ್ಟಿದರೆ ನೀರು ಎತ್ತುತ್ತೆ. ಬೆಲ್ಟ್, ಬ್ಲೇಡು ಬಿಟ್ಟರೆ ದೊಡ್ಡ ಖರ್ಚು ಬಂದಿಲ್ಲ. ಉಳಿದ ದುಡ್ಡಿಗೆ ಬಾವಿಗೊಂದು ಒಳ್ಳೆ ಮೋಟಾರು ಹಾಕಿಸಿ.

ಗ್ಯಾರೇಜ್ ಕಾರ್ಕಳ

ಟಿಲ್ಲರ್ ಅಣ್ಣ, ನಿಮ್ಮದು ಬೈಲು ಜಾಗ ಅಲ್ವಾ? ಸಮತಟ್ಟಿನಲ್ಲಿ ಟಿಲ್ಲರಿನಷ್ಟು ಒಳ್ಳೆಯದು ಬೇರೆ ಇಲ್ಲ, ಒಪ್ಪಿದೆ. ಇಳಿಜಾರಿನಲ್ಲಿ ಕಥೆ ಬೇರೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಟಿಲ್ಲರಿನಲ್ಲಿ ಎಡಕ್ಕೆ ತಿರುಗಬೇಕಾದರೆ ಎಡಗೈಯ ಕ್ಲಚ್ ಹಿಡಿಯುತ್ತೇವೆ. ಎಡ ಚಕ್ರಕ್ಕೆ ಶಕ್ತಿ ತಪ್ಪಿ ಅದು ನಿಧಾನ ಆಗುತ್ತೆ, ಗಾಡಿ ಎಡಕ್ಕೆ ತಿರುಗುತ್ತೆ. ಆದರೆ ಭಾರ ಹೇರಿ ಇಳಿಯುವಾಗ ಚಕ್ರಗಳನ್ನು ಹಿಡಿದಿಟ್ಟಿರುವುದೇ ಇಂಜಿನ್ನು. ಆಗ ಎಡ ಕ್ಲಚ್ ಹಿಡಿದರೆ ಎಡ ಚಕ್ರ ಸಡಿಲ ಆಗಿ ಜೋರಾಗಿ ಉರುಳುತ್ತೆ, ಗಾಡಿ ಬಲಕ್ಕೆ ಹೋಗುತ್ತೆ. ಎಡಕ್ಕೆ ತಿರುವು ಇರುವ ಕಡೆ ಬಲಕ್ಕೆ ಹೋದರೆ ಎಲ್ಲಿಗೆ ಹೋಗಿ ಬೀಳುತ್ತೆ ಅಂತ ಯೋಚನೆ ಮಾಡಿ. ಹಳಬರು ಇಳಿಜಾರಿನಲ್ಲಿ ಉಲ್ಟಾ ಕ್ಲಚ್ ಹಿಡಿಯುವುದನ್ನು ಅಭ್ಯಾಸ ಮಾಡಿಕೊಂಡಿರುತ್ತಾರೆ. ಹೊಸಬರಿಗೆ ಆ ಗಳಿಗೆಯಲ್ಲಿ ಕೈ ಓಡುವುದಿಲ್ಲ. ನಮ್ಮ ಗ್ಯಾರೇಜಿಗೆ ಹ್ಯಾಂಡಲ್ ಮುರಿದು ಬರುವ ಟಿಲ್ಲರುಗಳಲ್ಲಿ ಜಾಸ್ತಿ ಇದೇ ಕೇಸು.

ಟಿಲ್ಲರ್ ಅಣ್ಣ

ಅದು ಹೌದು. ನಮ್ಮಲ್ಲಿ ಇಳಿಜಾರು ಅಷ್ಟಿಲ್ಲ. ಆದರೂ ಕಲಿತರೆ ಆಗುತ್ತೆ ಅಂತಲೇ ನನ್ನ ಅಭಿಪ್ರಾಯ.

ಬಂಟ್ವಾಳ ರಬ್ಬರ್

ತಮ್ಮ ಹೇಳಿದ್ದೇ ಸರಿ ಅನಿಸುತ್ತೆ ನನಗೆ. 24 ಎಚ್‌ಪಿಯಲ್ಲಿ ಎಂತ ಆಗುತ್ತೆ? ಎರಡು ವರ್ಷ ಆದ ಮೇಲೆ ಇನ್ನೂ ಸ್ವಲ್ಪ ದೊಡ್ಡದು ತೆಗೊಳ್ಳಬೇಕಿತ್ತು ಅನಿಸುತ್ತೆ. ಸೆಕೆಂಡ್ ಹ್ಯಾಂಡಿನಲ್ಲಿ 40 ಎಚ್‌ಪಿ ಇದೇ ದುಡ್ಡಿಗೆ ಸಿಗುತ್ತೆ.

ಹೆಬ್ರಿ ಹಳ್ಳಿಮನೆ

40 ಎಚ್‌ಪಿ ಗಾಡಿ ಅಡಿಕೆ ತೋಟದೊಳಗೆ ಹೇಗೆ ಹೋಗುತ್ತೆ? ಸಾಲಿಂದ ಸಾಲಿಗೆ 9 ಅಡಿ. ಮರದ ದಪ್ಪ, ಬುಡಕ್ಕೆ ಹಾಕಿದ ಮಣ್ಣು ಕಳೆದರೆ ಉಳಿಯುವುದು ಆರೇಳು ಅಡಿ. ನಡುವೆ ಒಂದು ಸಾಲು ಬಿಟ್ಟು ಒಂದು ಸಾಲಿಗೆ ನೀರು ಹರಿಯುವ ಕಣಿ ಬೇರೆ. ಹಳೇ ತೋಟದಲ್ಲಿ ಕಣಿ ದಾಟುವುದು ಸಣ್ಣ ಟ್ರ್ಯಾಕ್ಟರಿಗೂ ಆಗುವುದಿಲ್ಲ. ತೋಟದ ಅಂಚಿನವರೆಗೆ ಬಂದರೆ ದೊಡ್ಡದು. ಅಲ್ಲಿಂದ ಮುಂದೆ ಕೈಗಾಡಿಯೇ ಗತಿ.

ಇನ್ನೊಂದು ಮಾತು. ತೋಟದೊಳಗೆ ಮಣ್ಣು ಕೊಚ್ಚುವ ರೋಟವೇಟರ್ ಹೊಡೆಯುವ ಆಸೆ ಇದ್ದರೆ ಬಿಡಿ. ಅಡಿಕೆಯ ಬೇರು ಬುಡದ ಸುತ್ತ, ಮೇಲು ಮಣ್ಣಿನಲ್ಲೇ ಜಾಸ್ತಿ ಇರುವುದು. ಕತ್ತರಿಸಿ ಹಾಕಿದರೆ ಮರ ಸೊರಗುತ್ತೆ.

ಸುರತ್ಕಲ್ ಮೆಕ್ಯಾನಿಕಲ್

ಎಚ್‌ಪಿ ಲೆಕ್ಕ ಸ್ವಲ್ಪ ಬದಿಗಿಡುವ. ಗುಡ್ಡೆಯಲ್ಲಿ ನೋಡಬೇಕಾದದ್ದು ಮೂರು: ಭಾರ ಎಷ್ಟು ಕೆಳಗಿದೆ, ಚಕ್ರಗಳ ನಡುವೆ ಅಗಲ ಎಷ್ಟು, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದಾ.

ಟ್ರ್ಯಾಕ್ಟರಿಗೆ ನಾಲ್ಕು ಚಕ್ರ ಇದ್ದರೂ ಅದು ನಿಂತಿರುವುದು ಮುಕ್ಕಾಲಿಯ ಹಾಗೆ. ಮುಂದಿನ ಆಕ್ಸಲ್ ನಡುವಿನ ಒಂದು ಪಿನ್ನಿನ ಮೇಲೆ ತೂಗುತ್ತೆ. ಹಾಗಾಗಿ ಆಧಾರ ಅಂದರೆ ಹಿಂದಿನ ಎರಡು ಚಕ್ರ, ಮುಂದೆ ಆ ಒಂದು ಪಿನ್ನು. ಗಾಡಿ ಅಡ್ಡ ವಾಲುವಾಗ ಮುಂದಿನ ಚಕ್ರಗಳು ತಡೆಯುತ್ತವೆ ಅಂತ ನಂಬಬೇಡಿ. ಪಿನ್ನಿನ ತಡೆಗೆ ತಾಗುವವರೆಗೆ ಅವು ಏನೂ ಮಾಡುವುದಿಲ್ಲ. ತಾಗುವಾಗ ತಡ ಆಗಿರುತ್ತೆ.

ಕಾಗದದ ಲೆಕ್ಕದಲ್ಲಿ ಸಣ್ಣ ಟ್ರ್ಯಾಕ್ಟರ್ 30 ಡಿಗ್ರಿ ದಾಟಿದ ಮೇಲೂ ನಿಲ್ಲಬಹುದು. ಅದು ನಿಂತ ಗಾಡಿಯ ಲೆಕ್ಕ. ಓಡುವಾಗ ಮೇಲಿನ ಚಕ್ರ ಕಲ್ಲು ಹತ್ತಿ, ಕೆಳಗಿನ ಚಕ್ರ ಗುಂಡಿಗೆ ಇಳಿದರೆ ಸಾಕು. ಅದಕ್ಕೇ 15 ಡಿಗ್ರಿ ದಾಟಿದ ಕಡೆ ಅಡ್ಡ ಓಡಿಸಲೇಬಾರದು ಅನ್ನುವುದು. ನೇರ ಹತ್ತಿ, ನೇರ ಇಳಿಯಿರಿ.

ಪೆರ್ಡೂರು ತೋಟದವರೇ, ನಿಮ್ಮ ಗುಡ್ಡೆ ಎಷ್ಟು ಡಿಗ್ರಿ? ಅದು ಗೊತ್ತಿಲ್ಲದೆ ಇಲ್ಲಿ ಯಾರು ಏನು ಹೇಳಿದರೂ ಊಹೆಯೇ.

ಪೆರ್ಡೂರು ತೋಟ

ಅಳತೆ ಮಾಡಿಲ್ಲ. ನಡೆದು ಹತ್ತುವಾಗ ಏದುಸಿರು ಬರುವಷ್ಟು ಉಂಟು. ಅಳೆಯುವುದು ಹೇಗೆ?

ಸುರತ್ಕಲ್ ಮೆಕ್ಯಾನಿಕಲ್

4 ಅಡಿಯ ನೇರ ಮರದ ಪಟ್ಟಿ, ಅಂದರೆ ರೀಪು ತೆಗೊಳ್ಳಿ. ಮೇಲೆ ಮೇಸ್ತ್ರಿಗಳ ರಸಮಟ್ಟ ಇಡಿ. ಒಂದು ತುದಿ ನೆಲಕ್ಕೆ ತಾಗಿರಲಿ, ಇಳಿಜಾರಿನ ಕಡೆಯ ತುದಿಯನ್ನು ಗುಳ್ಳೆ ನಡುವೆ ಬರುವವರೆಗೆ ಎತ್ತಿ. ಆ ತುದಿಯಿಂದ ನೆಲಕ್ಕೆ ಎಷ್ಟು ಇಂಚು ಅಂತ ಟೇಪಿನಲ್ಲಿ ನೋಡಿ. ಎಂಟೂವರೆ ಇಂಚು ಬಂದರೆ 10 ಡಿಗ್ರಿ. 13 ಇಂಚಿಗೆ 15. ಹದಿನೇಳೂವರೆಗೆ 20. ಹತ್ತು ಕಡೆ ಅಳೆಯಿರಿ, ಸರಾಸರಿ ಬೇಡ. ಅತಿ ಕಡಿದಾದ ಜಾಗದ್ದೇ ಲೆಕ್ಕ.

ಕಡಲತಡಿ

ಮೊಬೈಲಿನಲ್ಲಿ ಆ್ಯಪ್ ಉಂಟಲ್ಲ, ರೀಪು ಯಾಕೆ?

ಸುರತ್ಕಲ್ ಮೆಕ್ಯಾನಿಕಲ್

ಆಗುತ್ತೆ. ಆದರೆ ಮೊಬೈಲನ್ನು ನೆಲದ ಮೇಲಿಟ್ಟರೆ ಒಂದು ಕಲ್ಲಿನ ಓರೆ ಸಿಗುತ್ತೆ, ಗುಡ್ಡೆಯದ್ದಲ್ಲ. ಉದ್ದ ರೀಪಿನ ಮೇಲಿಟ್ಟು ನೋಡಿ.

ಗ್ಯಾರೇಜ್ ಕಾರ್ಕಳ

ಒಂದು ವಿಷಯ ಯಾರೂ ಎತ್ತಲಿಲ್ಲ. ಪ್ರಶ್ನೆ ಮತ್ತೊಮ್ಮೆ ಓದಿ. ಅವರ ಗೊಬ್ಬರ ಮೇಲೆ ಉಂಟು, ತೋಟ ಕೆಳಗೆ. ಅಂದರೆ ಭಾರ ಹೇರಿಕೊಂಡು ಇಳಿಯುವುದು, ಹೆಚ್ಚಿನ ಸಲ ಖಾಲಿ ಹತ್ತುವುದು. ಹತ್ತುತ್ತದಾ ಅಂತ ಕೇಳುತ್ತಿದ್ದೀರಿ. ಹತ್ತದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತೆ, ಹಿಂದೆ ಬಂದರಾಯ್ತು. ಇಳಿಯುವಾಗ ನಿಲ್ಲದಿದ್ದರೆ ಎಂತ ಮಾಡುತ್ತೀರಿ? ನೀವು ಕೇಳಬೇಕಾದದ್ದು, ಈ ಗಾಡಿ ಭಾರ ಹಿಡಿದುಕೊಂಡು ಇಳಿಯುತ್ತದಾ ಅಂತ.

ಕುಬೋಟಾ ಬಿ2441 ತೂಕ ಏಳುನೂರು ಕೆಜಿಯೂ ಇಲ್ಲ. ಅದರ ಹಿಂದೆ ಒಂದು ಟನ್ ಹಸಿ ಗೊಬ್ಬರದ ಟ್ರೇಲರ್ ಕಟ್ಟಿದರೆ, ತಳ್ಳುವುದು ಎಳೆಯುವುದಕ್ಕಿಂತ ಭಾರ. ನಮ್ಮ ಕಡೆ ಹಳ್ಳಿಗಳಲ್ಲಿ ಮಾಡಿಸುವ ಟ್ರೇಲರುಗಳಿಗೆ ಬ್ರೇಕೇ ಇರುವುದಿಲ್ಲ. ಒದ್ದೆ ನೆಲದಲ್ಲಿ ಟ್ರೇಲರ್ ಪಕ್ಕಕ್ಕೆ ಜಾರಿ ಟ್ರ್ಯಾಕ್ಟರನ್ನೇ ತಿರುಗಿಸಿ ಹಾಕುತ್ತೆ.

ಟೂ ವೀಲ್ ಗಾಡಿಯಲ್ಲಿ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಕ್ಕೆ ಮಾತ್ರ. ಇಳಿಯುವಾಗ ಭಾರ ಮುಂದಕ್ಕೆ ಬಂದು ಹಿಂದಿನ ಚಕ್ರ ಹಗುರ ಆಗುತ್ತೆ, ಹಿಡಿತ ಕಮ್ಮಿ. ಫೋರ್ ವೀಲ್ ಹಾಕಿ ಇಳಿದರೆ ಮುಂದಿನ ಚಕ್ರಗಳೂ ಗೇರಿನ ಮೂಲಕ ಹಿಡಿಯುತ್ತವೆ. ಜನ ಫೋರ್ ವೀಲ್ ಅಂದರೆ ಹತ್ತುವುದಕ್ಕೆ ಅಂದುಕೊಂಡಿದ್ದಾರೆ. ನನ್ನನ್ನು ಕೇಳಿದರೆ ಅದು ಇಳಿಯುವುದಕ್ಕೇ ಮುಖ್ಯ.

ಕೆಲವು ಮಾತು ಗಟ್ಟಿ ನೆನಪಿಟ್ಟುಕೊಳ್ಳಿ. ಇಳಿಯುವ ಮೊದಲೇ ಲೋ ಗೇರಿಗೆ ಹಾಕಿ, ನಡುವೆ ಗೇರು ಬದಲಾಯಿಸಬೇಡಿ. ಕ್ಲಚ್ ಒತ್ತಬೇಡಿ, ನ್ಯೂಟ್ರಲ್ ಅಂತೂ ಬೇಡವೇ ಬೇಡ. ಎರಡು ಬ್ರೇಕ್ ಪೆಡಲಿನ ನಡುವೆ ಕೊಂಡಿ ಇರುತ್ತೆ, ಅದು ಹಾಕಿರಲಿ. ಇಲ್ಲದಿದ್ದರೆ ಒಂದೇ ಚಕ್ರ ಹಿಡಿದು ಗಾಡಿ ಸುತ್ತುತ್ತೆ.

ಅಡಿಕೆಹಾಳೆ

ಇಷ್ಟು ವರ್ಷ ಓಡಿಸಿದರೂ ಪೆಡಲ್ ಕೊಂಡಿಯ ವಿಷಯ ನನಗೆ ಗೊತ್ತಿರಲಿಲ್ಲ. ಈಗಲೇ ಹೋಗಿ ನೋಡಿದೆ. ತುಕ್ಕು ಹಿಡಿದು ಕೂತಿದೆ. ನಾಳೆ ಎಣ್ಣೆ ಹಾಕಿ ಸರಿ ಮಾಡುತ್ತೇನೆ.

ಪೆರ್ಡೂರು ತೋಟ

ಗ್ಯಾರೇಜ್ ಅಣ್ಣ, ಇದನ್ನು ಓದಿ ಅಪ್ಪನಿಗೂ ಓದಿ ಹೇಳಿದೆ. ನಾವು ಇಳಿಯುವ ಲೆಕ್ಕ ಹಾಕಿರಲೇ ಇಲ್ಲ. ಶೋರೂಮಿನವರೂ ಹತ್ತುವ ವೀಡಿಯೊ ತೋರಿಸಿದರೇ ಹೊರತು ಇಳಿಯುವುದು ತೋರಿಸಲಿಲ್ಲ.

ಮೂಡುಬಿದಿರೆ ಗೇರು (ಭಾನುವಾರ ಬೆಳಿಗ್ಗೆ 6:15)

ನನ್ನ ಅನುಭವ ಹೇಳಲೇಬೇಕು ಅನಿಸಿತು. ಮೂರು ವರ್ಷದ ಹಿಂದಿನ ಏಪ್ರಿಲ್. 15 ಎಚ್‌ಪಿಯ ಟೂ ವೀಲ್ ಟ್ರ್ಯಾಕ್ಟರ್, ಹಿಂದೆ ಹುಲ್ಲು ಕೊಚ್ಚುವ ಸ್ಲಾಶರ್. ಗೇರು ಗುಡ್ಡೆಯಲ್ಲಿ ಅಡ್ಡಕ್ಕೆ ಹೋಗುತ್ತಿದ್ದೆ. ಮಳೆ ಇಲ್ಲ, ನೆಲ ಒಣ. ಹೆದರಿಕೆಗೆ ಕಾರಣವೇ ಇರಲಿಲ್ಲ.

ಒಂದು ದೊಡ್ಡ ಗೇರು ಮರದ ಕೆಳಗೆ ಹುಲ್ಲು ಎತ್ತರ ಇತ್ತು. ಹುಲ್ಲಿನ ಅಡಿಯಲ್ಲಿ ಉದುರಿದ ಗೇರುಹಣ್ಣು ತುಂಬಿತ್ತು. ಬೀಜ ಹೆಕ್ಕಿ ಹಣ್ಣು ಅಲ್ಲೇ ಬಿಟ್ಟದ್ದು ನಾವೇ. ಕೆಳಗಿನ ಹಿಂದಿನ ಚಕ್ರ ಅದರ ಮೇಲೆ ಬಂದದ್ದೇ ತಡ, ಎಣ್ಣೆ ಹಚ್ಚಿದ ಹಾಗೆ ಜಾರಿತು. ಗಾಡಿ ಅಡ್ಡಕ್ಕೆ ಎರಡು ಮಾರು ಜಾರಿಕೊಂಡು ಹೋಗಿ ಇನ್ನೊಂದು ಮರದ ಕವೆಗೆ ಒರಗಿ ನಿಂತಿತು. ಮೇಲಿನ ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ತಿರುಗುತ್ತಿತ್ತು. ಆ ಮರ ಇಲ್ಲದಿದ್ದರೆ ಕೆಳಗೆ ಎಂಟು ಅಡಿ ದರೆ.

ಆವತ್ತು ಆ ಹುಳಿ ಹಣ್ಣಿನ ವಾಸನೆ ಮೂಗಿಗೆ ಹತ್ತಿದ್ದು ಇವತ್ತಿಗೂ ಹೋಗಿಲ್ಲ. ಸೀಟಿನಿಂದ ಇಳಿಯುವುದಕ್ಕೆ ಕಾಲು ಬರಲಿಲ್ಲ. ನನ್ನ ಹೆಂಡತಿ ಓಡಿ ಬಂದು ಕೈ ಹಿಡಿದು ಇಳಿಸಿದಳು.

ಈಗ ಗುಡ್ಡೆಯ ಹುಲ್ಲಿಗೆ ಬ್ರಶ್ ಕಟ್ಟರ್ ಮಾತ್ರ. ಟ್ರ್ಯಾಕ್ಟರ್ ದಾರಿ ಬಿಟ್ಟು ಇಳಿಯುವುದಿಲ್ಲ.

ಹೆಬ್ರಿ ಹಳ್ಳಿಮನೆ

ದೇವರು ದೊಡ್ಡವನು. ಒರಗಿದ ಮರ ಕಡಿಯಬೇಡಿ.

ಮೂಡುಬಿದಿರೆ ಗೇರು

ಕಡಿಯುವುದಿಲ್ಲ. ಫಸಲು ಕಮ್ಮಿ ಆದರೂ ಹಾಗೇ ಇಟ್ಟಿದ್ದೇನೆ.

ಸುರತ್ಕಲ್ ಮೆಕ್ಯಾನಿಕಲ್

ಇದಕ್ಕೇ ಸೀಟಿನ ಹಿಂದೆ ಕಮಾನಿನ ಹಾಗೆ ಬರುವ ರೋಪ್ಸ್ ಕಂಬಿ ಬೇಕೇ ಬೇಕು. ಕೆಲವು ಮಾಡೆಲಿಗೆ ಕಂಪನಿಯಿಂದಲೇ ಬರುತ್ತೆ, ಕೆಲವಕ್ಕೆ ಕೇಳಿ ಹಾಕಿಸಬೇಕು. ಗಾಡಿ ಮಗುಚಿದರೂ ಸೀಟಿನಲ್ಲಿರುವವನ ಮೇಲೆ ಬೀಳದ ಹಾಗೆ ತಡೆಯುತ್ತೆ. ಆದರೆ ಬೆಲ್ಟ್ ಹಾಕಿದ್ದರೆ ಮಾತ್ರ. ಬೆಲ್ಟ್ ಇಲ್ಲದಿದ್ದರೆ ನೀವು ಹೊರಗೆ ಬಿದ್ದು ಅದೇ ಕಂಬಿಯ ಅಡಿಗೆ ಸಿಗಬಹುದು. ಕಂಬಿ ಇಲ್ಲದ ಗಾಡಿಗೆ ಬೆಲ್ಟ್ ಹಾಕಬಾರದು, ಅದು ಬೇರೆ ಲೆಕ್ಕ.

ಬಿಸಿಲಿಗೆ ಅಂತ ಊರ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವ ಶೀಟಿನ ಮಾಡು ರೋಪ್ಸ್ ಅಲ್ಲ. ಅದು ಗಾಡಿಯ ತೂಕ ತಡೆಯುವುದಿಲ್ಲ. ಮೇಲೆ ಭಾರ ಜಾಸ್ತಿ ಮಾಡುತ್ತೆ ಅಷ್ಟೇ.

ಇನ್ನೊಂದು. ವಾಲುತ್ತಿದೆ ಅನಿಸಿದರೆ ಸ್ಟಿಯರಿಂಗ್ ಇಳಿಜಾರಿನ ಕಡೆಗೆ ತಿರುಗಿಸಿ. ಮನಸ್ಸು ಮೇಲಕ್ಕೆ ತಿರುಗಿಸು ಅನ್ನುತ್ತೆ, ಹಾಗೆ ಮಾಡಿದರೆ ಮಗುಚುತ್ತೆ.

ಕಡಲತಡಿ

ಸರಿ, ಇಷ್ಟೆಲ್ಲ ಅಪಾಯ ಇದ್ದರೆ ಯಾಕೆ ತೆಗೊಳ್ಳಬೇಕು? ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತಲ್ಲ. ಡ್ರೈವರ್ ಸಮೇತ ಬರುತ್ತಾರೆ.

ಹೆಬ್ರಿ ಹಳ್ಳಿಮನೆ

ಬೈಲಿಗೆ ಬರುತ್ತಾರೆ. ನಮ್ಮ ಎಂಒ4 ಭತ್ತದ ಗದ್ದೆ ಉಳುವುದು ಬಾಡಿಗೆ ಗಾಡಿಯಲ್ಲೇ. ಆದರೆ ಮಳೆ ಬಿದ್ದ ಕೂಡಲೇ ಎಲ್ಲರಿಗೂ ಒಟ್ಟಿಗೇ ಬೇಕು, ನಮ್ಮ ಸರದಿ ಬರುವಾಗ ಅಗೆ ಬಲಿತಿರುತ್ತೆ. ಗುಡ್ಡೆ ಕೆಲಸ ಅಂದರೆ ಡ್ರೈವರು ಬಂದು ನೋಡಿ ತಲೆ ಅಲ್ಲಾಡಿಸಿ ಹೋಗುತ್ತಾರೆ. ಅವರ ತಪ್ಪಲ್ಲ, ಗುರುತಿಲ್ಲದ ಇಳಿಜಾರು.

ಟಿಲ್ಲರ್ ಅಣ್ಣ

ಎಂಒ4 ಈಗಲೂ ಹಾಕುತ್ತೀರಾ? ನಮ್ಮಲ್ಲಿ ನವಿಲು, ಹಂದಿ ಕಾಟಕ್ಕೆ ಗದ್ದೆ ಬಿಟ್ಟೇ ನಾಲ್ಕು ವರ್ಷ ಆಯ್ತು.

ಹೆಬ್ರಿ ಹಳ್ಳಿಮನೆ

ಹಾಕುತ್ತೇವೆ. ಮನೆ ಕುಚ್ಚಲಕ್ಕಿ ಗಂಜಿ ಇಲ್ಲದೆ ನನ್ನ ಅತ್ತೆಗೆ ಆಗುವುದಿಲ್ಲ. ಹಂದಿಗೆ ಸೋಲಾರ್ ಬೇಲಿ. ನವಿಲಿಗೆ ಏನೂ ಇಲ್ಲ, ಬೆಳಿಗ್ಗೆ ಎದ್ದು ಓಡಿಸುವುದು.

ಅಮ್ಮನ ತೋಟ

ನಾನು ಹಿರಿಯಡ್ಕದ ಕಡೆಯವಳು. ನಮ್ಮದೂ ಹೀಗೇ, ಹಟ್ಟಿ ಮೇಲೆ ತೋಟ ಕೆಳಗೆ. ಗೊಬ್ಬರ ಹೊರುವುದೇ ಯಾಕೆ ಅಂತ ನನ್ನ ಪ್ರಶ್ನೆ. ನಾವು ಗೋಬರ್ ಗ್ಯಾಸಿನ ಸ್ಲರಿಗೆ ಒಂದು ಟ್ಯಾಂಕಿ ಕಟ್ಟಿಸಿ, ನೀರು ಸೇರಿಸಿ, ಎರಡೂವರೆ ಇಂಚಿನ ಪೈಪಿನಲ್ಲಿ ಕೆಳಗೆ ಬಿಡುತ್ತೇವೆ. ಮೋಟಾರು ಕೂಡ ಬೇಡ, ಇಳಿಜಾರೇ ಕೆಲಸ ಮಾಡುತ್ತೆ. ತುದಿಯಲ್ಲಿ ಹೋಸು ಹಿಡಿದು ಬುಡ ಬುಡಕ್ಕೆ ಬಿಡುವುದು. ಒಬ್ಬರು ಸಾಕು, ಹೆಚ್ಚಾಗಿ ನಾನೇ. ಪೈಪು ಕಟ್ಟದ ಹಾಗೆ ಟ್ಯಾಂಕಿಯ ಬಾಯಿಗೆ ಜಾಳಿಗೆ ಹಾಕಬೇಕು, ಕೆಲಸ ಮುಗಿದ ಮೇಲೆ ಬರೀ ನೀರು ಬಿಟ್ಟು ತೊಳೆಯಬೇಕು.

ಮದ್ದು ಬಿಡುವುದಕ್ಕೂ ಅಷ್ಟೇ. ಕೊಳೆರೋಗದ ಮೈಲುತುತ್ತು ಬಿಡುವುದು ಜೂನ್, ಜುಲೈಯಲ್ಲಿ. ಆ ಮಳೆಗೆ ಗುಡ್ಡೆಯಲ್ಲಿ ಮನುಷ್ಯರೇ ನಿಲ್ಲುವುದು ಕಷ್ಟ, ಟ್ರ್ಯಾಕ್ಟರ್ ಇಳಿಸುವ ಮಾತೆಲ್ಲಿ? ಡ್ರಮ್ಮು, ಪಂಪು ಅಂಗಳದಲ್ಲೇ ಇಟ್ಟು ಉದ್ದ ಹೋಸು ಇಳಿಸುತ್ತೇವೆ. 10 ಮೀಟರ್ ಇಳಿದರೆ ಒಂದು ಬಾರ್ ಒತ್ತಡ ಪುಕ್ಕಟೆ ಸಿಗುತ್ತೆ.

ಇಷ್ಟು ಮಾಡಿದ ಮೇಲೆ ಉಳಿಯುವುದು ಅಡಿಕೆ, ಕಾಯಿ, ಹುಲ್ಲು ಮೇಲೆ ತರುವ ಕೆಲಸ. ಅದಕ್ಕೆ ಟ್ರ್ಯಾಕ್ಟರ್ ಬೇಕು ಅಂತ ನಾನೂ ಒಪ್ಪುತ್ತೇನೆ.

ಗ್ಯಾರೇಜ್ ಕಾರ್ಕಳ

ಅಕ್ಕ, ಇದು ನೂರಕ್ಕೆ ನೂರು ಸರಿ. ಇಳಿಯುವ ಭಾರವೇ ಇಲ್ಲ ಅಂದರೆ ಅರ್ಧ ಅಪಾಯ ಹೋಯ್ತು.

ಪೆರ್ಡೂರು ತೋಟ

ಅಕ್ಕ, ನಮ್ಮಲ್ಲೂ ಗೋಬರ್ ಗ್ಯಾಸ್ ಉಂಟು. ಸ್ಲರಿ ಒಣಗಿಸಿ ಬುಟ್ಟಿಯಲ್ಲಿ ಹೊರುತ್ತಿದ್ದೆವು! ಟ್ಯಾಂಕಿ ಎಷ್ಟು ದೊಡ್ಡದು ಬೇಕು? ಐದು ದನ.

ಅಮ್ಮನ ತೋಟ

ನಮ್ಮದು ನಾಲ್ಕು ದನ, 5,000 ಲೀಟರ್ ಟ್ಯಾಂಕಿ. ಹತ್ತು ದಿನಕ್ಕೊಮ್ಮೆ ಬಿಡುತ್ತೇವೆ. ಒಮ್ಮೆ ಬಂದು ನೋಡಿ, ಹತ್ತಿರ ಉಂಟಲ್ಲ. ಹಟ್ಟಿಗೊಬ್ಬರ ಸೊಪ್ಪು ಸಮೇತ ಹಾಕುವುದು ಬಿಟ್ಟುಬಿಡಬೇಡಿ ಮಾತ್ರ. ವರ್ಷಕ್ಕೊಮ್ಮೆ ಅದು ಮಣ್ಣಿಗೆ ಬೇಕೇ ಬೇಕು.

ಬಂಟ್ವಾಳ ರಬ್ಬರ್

ಮೇಲೆ ತರುವುದಕ್ಕೆ ಮಾತ್ರ ಆದರೆ ಹಳೇ ಫೋರ್ ವೀಲ್ ಜೀಪು ಸಾಕಲ್ಲ? ನಮ್ಮಲ್ಲಿ ರಬ್ಬರ್ ಶೀಟು, ಕಾಯಿ ಎಲ್ಲ ಜೀಪಿನಲ್ಲೇ.

ಹೆಬ್ರಿ ಹಳ್ಳಿಮನೆ

ಜೀಪಿಗೆ ಪಿಟಿಒ (ಇಂಜಿನ್ನಿನ ಶಕ್ತಿಯಲ್ಲಿ ಹಿಂದೆ ಕಟ್ಟಿದ ಯಂತ್ರ ತಿರುಗಿಸುವ ಶಾಫ್ಟು) ಎಲ್ಲಿ? ಅವರಿಗೆ ಮುಕ್ಕಾಲು ಎಕರೆ ಬೈಲೂ ಉಂಟು. ಒಂದೇ ಗಾಡಿಯಲ್ಲಿ ಎರಡೂ ಆಗಬೇಕು.

ಮುರಕಲ್ಲು

ಸಬ್ಸಿಡಿ ಯಾರೂ ಹೇಳಲಿಲ್ಲ. ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಕೊಡಿ. ಪಹಣಿ, ಆಧಾರ್, ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಬೇಕು. ಮಂಜೂರಾಗುವ ಮೊದಲು ಗಾಡಿ ತೆಗೊಳ್ಳಬೇಡಿ. ಸಾಮಾನ್ಯ ವರ್ಗಕ್ಕೂ ಪರಿಶಿಷ್ಟರಿಗೂ ಮೊತ್ತ ಬೇರೆ ಬೇರೆ, ಮಿನಿ ಟ್ರ್ಯಾಕ್ಟರಿಗೆ ಮಿತಿಯೂ ಉಂಟು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಹಳೇ ಕೊಟೇಶನ್ ಇದ್ದರೆ ಹೊಸದು ಬರೆಸಿಕೊಳ್ಳಿ.

ಅಡಿಕೆಹಾಳೆ

ಟ್ರೇಲರಿಗೆ ಬೇರೆ ರಿಜಿಸ್ಟ್ರೇಷನ್, ಬೇರೆ ಇನ್ಶೂರೆನ್ಸ್ ಆಗಬೇಕು. ಬಜೆಟ್ ಹಾಕುವಾಗ ಇದನ್ನು ಮರೆಯುತ್ತಾರೆ.

ಸರ್ವಿಸ್ ಬಗ್ಗೆಯೂ ಒಂದು ಮಾತು. ನಾನು ತೆಗೆದ ಗಾಡಿಯ ಕಂಪನಿ ಹೆಸರು ಬೇಡ. ಹೈಡ್ರಾಲಿಕ್ ಸೀಲ್ ಹೋಗಿ ಹದಿನೆಂಟು ದಿನ ಗಾಡಿ ಅಂಗಳದಲ್ಲಿ ನಿಂತಿತು. ಅಡಿಕೆ ಕೊಯ್ಲಿನ ಸಮಯ. ದಿನಾ ಫೋನು, ದಿನಾ ನಾಳೆ ಬರುತ್ತೆ ಅನ್ನುವ ಉತ್ತರ. ಯಾವ ಮಾಡೆಲ್ ಆದರೂ ತೆಗೊಳ್ಳುವ ಮೊದಲು ಡೀಲರ್ ಹತ್ತಿರ ಹೋಗಿ, ಆ ಗಾಡಿಯ ಫಿಲ್ಟರ್, ಕ್ಲಚ್ ಪ್ಲೇಟ್, ಸೀಲ್ ಕಿಟ್ ಸ್ಟಾಕಿನಲ್ಲಿ ಉಂಟಾ ಅಂತ ಕಪಾಟು ತೆರೆಸಿ ನೋಡಿ. ಬಾಯಿಮಾತು ನಂಬಬೇಡಿ.

ಪೆರ್ಡೂರು ತೋಟ (ಭಾನುವಾರ ಸಂಜೆ 5:50)

ಅಳತೆ ಮಾಡಿದೆ. ಅಪ್ಪ ರೀಪು ಹಿಡಿದರು, ನಾನು ಟೇಪು. ಹದಿಮೂರು ಕಡೆ ನೋಡಿದೆವು. ಮನೆಯ ಹಿಂದೆ 6, 7 ಇಂಚು. ಗೇರು ಗುಡ್ಡೆಯ ನಡುವೆ 9ರಿಂದ 11. ಮೊದಲ ತಟ್ಟಿನ ಮೇಲೆ, ನೀರು ಜಿನುಗುವ ಜಾಗದಲ್ಲಿ 15.

ಸುರತ್ಕಲ್ ಮೆಕ್ಯಾನಿಕಲ್

15 ಇಂಚು ಅಂದರೆ 17 ಡಿಗ್ರಿಗಿಂತ ಸ್ವಲ್ಪ ಮೇಲೆ. ಅದೂ ಒದ್ದೆ ಜಾಗ. ಅಲ್ಲಿ ಯಾವ ಟ್ರ್ಯಾಕ್ಟರೂ ಬೇಡ. ದಾರಿ ಬದಲಾಯಿಸಿ.

ಹೆಬ್ರಿ ಹಳ್ಳಿಮನೆ

ನಾವು ಮಾಡಿದ್ದು ಹೇಳುತ್ತೇನೆ. ಟ್ರ್ಯಾಕ್ಟರಿಗೆ ಮೊದಲು ದಾರಿ ಮಾಡಿಸಿದೆವು. ಹಿಟಾಚಿ ಎರಡು ದಿನ. ನೇರ ಇಳಿಸದೆ ಗುಡ್ಡೆಗೆ ಓರೆಯಾಗಿ, 6 ಅಡಿ ಹೋದರೆ 1 ಅಡಿ ಇಳಿಯುವ ಹಾಗೆ. ಅಗಲ 8 ಅಡಿ, ತಿರುವಿನಲ್ಲಿ ಅದರ ಎರಡರಷ್ಟು ಸಮತಟ್ಟು. ದಾರಿ ಗುಡ್ಡೆಯ ಒಳಬದಿಗೆ ಸ್ವಲ್ಪ ವಾಲಿರಬೇಕು, ಒಳಬದಿಯಲ್ಲಿ ಚರಂಡಿ. ಹೊರಬದಿಗೆ ವಾಲಿದರೆ ಗಾಡಿಯೂ ಹೊರಗೆ, ನೀರೂ ಹೊರಗೆ, ಮೊದಲ ಮಳೆಗೆ ದಾರಿ ತೋಡಿನಲ್ಲಿ. ವರ್ಷಕ್ಕೆ 4,000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು, ಚರಂಡಿಗೆ ದುಡ್ಡು ಉಳಿಸಬೇಡಿ.

ಕಡಿದಾದ ಕಡೆ ಮುರ ಗಟ್ಟಿ ಉಂಟು ಅಂತ ಹಾಗೇ ಬಿಡಬೇಡಿ. ಪಾಚಿ ಹಿಡಿದರೆ ಗಾಜಿನ ಹಾಗೆ. ಚಕ್ರ ಹೋಗುವ ಎರಡು ಪಟ್ಟಿಗೆ ಮಾತ್ರ ಕಾಂಕ್ರೀಟ್ ಹಾಕಿ, ಹಸಿ ಇರುವಾಗಲೇ ಅಡ್ಡ ಗೆರೆ ಎಳೆಸಿ.

ಈಗ ಅಗೆಸಬೇಡಿ, ಮಣ್ಣು ನೀರು ಕುಡಿದಿದೆ, ದರೆ ಕುಸಿಯುತ್ತೆ. ನವೆಂಬರ್ ಕೊನೆಗೆ ಮಾಡಿಸಿ.

ಗ್ಯಾರೇಜ್ ಕಾರ್ಕಳ

ಒಳ್ಳೆ ಮಾತು. ದಾರಿ ಆದ ಮೇಲೂ ಮೊದಲ ವರ್ಷ ಟ್ರೇಲರ್ ಕಟ್ಟಬೇಡಿ. ಹಿಂದಿನ ಮೂರು ಕೊಂಡಿಗೆ ಕಬ್ಬಿಣದ ಬಾಕ್ಸ್ ಕಟ್ಟಿಸಿ. ಈ ಗಾಡಿಗಳ ಹೈಡ್ರಾಲಿಕ್ ಎತ್ತುವುದು 750 ಕೆಜಿ ಅಂತ ಬರೆದಿರುತ್ತಾರೆ. ನೀವು 200, 250ರ ಮೇಲೆ ಹಾಕಬೇಡಿ. ಇಳಿಯುವಾಗ ಭಾರ ಮೇಲಿನ ಬದಿಗೆ ಇರುತ್ತೆ, ಗಾಡಿ ಸ್ಥಿರ. ಹತ್ತುವಾಗ ಮೂತಿ ಹಗುರ ಆಗುತ್ತೆ, ಮುಂದೆ ತೂಕದ ಪ್ಲೇಟು ಹಾಕಿಸಿ. ಬಾಕ್ಸ್ ನೆಲದಿಂದ ಒಂದು ಗೇಣು ಮೇಲೆ, ಅದಕ್ಕಿಂತ ಎತ್ತರ ಬೇಡ.

ಮತ್ತೆ ಏನೇ ಎಳೆದರೂ ಹಿಂದೆ ಕೆಳಗಿರುವ ಎಳೆಯುವ ಪಟ್ಟಿಗೇ, ಅಂದರೆ ಡ್ರಾಬಾರಿಗೇ ಕಟ್ಟಿ. ಮರದ ತುಂಡು ಎಳೆಯುವುದಕ್ಕೆ ಮೂರು ಕೊಂಡಿಯಲ್ಲಿ ಮೇಲಿನದಾದ ಟಾಪ್ ಲಿಂಕಿನ ಜಾಗಕ್ಕೆ ಸಂಕಲೆ ಕಟ್ಟಿದವರನ್ನು ನೋಡಿದ್ದೇನೆ. ತುಂಡು ಸಿಕ್ಕಿಹಾಕಿಕೊಂಡರೆ ಮೂತಿ ಎದ್ದು ಹಿಂದಕ್ಕೆ ಮಗುಚುವುದಕ್ಕೆ ಎರಡು ಸೆಕೆಂಡೂ ಬೇಡ. ಕ್ಲಚ್ಚಿಗೆ ಕಾಲು ಹೋಗುವಷ್ಟು ಹೊತ್ತೂ ಸಿಗುವುದಿಲ್ಲ.

ಕಡಲತಡಿ

ಟೈರಿಗೆ ನೀರು ತುಂಬಿಸುತ್ತಾರಲ್ಲ, ಅದು ಒಳ್ಳೆಯದಾ?

ಗ್ಯಾರೇಜ್ ಕಾರ್ಕಳ

ಹಿಂದಿನ ಟೈರಿಗೆ ಮುಕ್ಕಾಲು ಭಾಗ. ಭಾರ ಕೆಳಗೆ ಕೂರುತ್ತೆ, ಹಿಡಿತ ಬರುತ್ತೆ. ಬೈಲಿಗೆ ಇಳಿಸುವ ಮೊದಲು ತೆಗೆಯಬೇಕು, ಇಲ್ಲದಿದ್ದರೆ ಹೂಳುತ್ತೆ. ಹಿಂದಿನ ಚಕ್ರದ ರಿಮ್ಮು ಮಗುಚಿ ಹಾಕಿ ಅಗಲ ಮಾಡುವುದಕ್ಕೂ ಆಗುತ್ತೆ. ದಾರಿ 8 ಅಡಿ ಇದ್ದರೆ ಅಗಲ ಮಾಡಿಯೇ ಓಡಿಸಿ.

ಟಿಲ್ಲರ್ ಅಣ್ಣ

ಓದುತ್ತಾ ಬಂದೆ. ಅವರ ಜಾಗಕ್ಕೆ ಟಿಲ್ಲರ್ ಬೇಡ, ನನ್ನ ಮಾತು ವಾಪಸ್. ಆದರೆ ಗಾಡಿ ತೆಗೊಳ್ಳುವ ಮೊದಲು ಅವರದ್ದೇ ಜಾಗದಲ್ಲಿ ಡೆಮೊ ಆಗಲೇಬೇಕು. ಶೋರೂಮಿನ ಅಂಗಳದಲ್ಲಿ ಓಡಿಸಿ ಪ್ರಯೋಜನ ಇಲ್ಲ.

ಪೆರ್ಡೂರು ತೋಟ (ಮುಂದಿನ ಶನಿವಾರ ರಾತ್ರಿ 8:30)

ಎಲ್ಲರಿಗೂ ಹೇಳಲೇಬೇಕು ಅಂತ ಬರೆಯುತ್ತಿದ್ದೇನೆ. ಇವತ್ತು ಡೆಮೊ ಆಯ್ತು. ಇಬ್ಬರು ಡೀಲರ್ ಬರುವುದಿಲ್ಲ ಅಂದರು, ಒಬ್ಬರು ಗಾಡಿ ಕಳಿಸಿದರು. 24 ಎಚ್‌ಪಿ ಫೋರ್ ವೀಲ್. ನಿನ್ನೆ ಸಂಜೆ ಮಳೆ ಬಂದಿತ್ತು, ನೆಲ ಒದ್ದೆ. ನಾನೇ ಬೇಕಂತ ಮುಂದೂಡಲಿಲ್ಲ.

ನೀರು ಜಿನುಗುವ ಜಾಗಕ್ಕೆ ಹೋಗಲಿಲ್ಲ. ಗೇರು ಗುಡ್ಡೆಯ 10 ಇಂಚಿನ ಜಾಗದಲ್ಲಿ ನೇರ ಇಳಿಸಿದೆವು. ಹಿಂದೆ ಬಾಕ್ಸ್, ಅದರಲ್ಲಿ 50 ಕೆಜಿಯ ನಾಲ್ಕು ಚೀಲ ಮರಳು. ಮೊದಲು ಫೋರ್ ವೀಲ್ ಹಾಕದೆ ಹತ್ತು ಮಾರು. ಹಿಂದಿನ ಚಕ್ರ ಎರಡು ಸಲ ಉಜ್ಜಿಕೊಂಡು ಜಾರಿತು, ಹುಲ್ಲು ಕಿತ್ತು ಕೆಂಪು ಮಣ್ಣು ಗೆರೆ ಬಿತ್ತು. ಡ್ರೈವರ್ ನಿಲ್ಲಿಸಿದರು. ಫೋರ್ ವೀಲ್ ಹಾಕಿ, ಲೋ ಒಂದನೇ ಗೇರಿನಲ್ಲಿ ಬಿಟ್ಟರು. ಬ್ರೇಕ್ ಮುಟ್ಟದೆ, ಮುದುಕರು ಕೋಲು ಊರಿ ನಡೆದ ಹಾಗೆ ಇಳಿಯಿತು. ಗೆರೆ ಬೀಳಲಿಲ್ಲ. ಅಪ್ಪ ಪಕ್ಕದಲ್ಲೇ ನಡೆದು ಬಂದರು, ಚಕ್ರವನ್ನೇ ನೋಡುತ್ತಾ.

ಹತ್ತುವುದು ಸಮಸ್ಯೆಯೇ ಆಗಲಿಲ್ಲ.

ಅಮ್ಮನ ತೋಟದ ಅಕ್ಕನ ಮನೆಗೂ ಹೋಗಿ ಬಂದೆವು. ಟ್ಯಾಂಕಿ ಕೆಲಸ ಸೋಮವಾರ ಶುರು. ಸಬ್ಸಿಡಿ ಅರ್ಜಿ ಕೊಟ್ಟಾಯ್ತು. ಗಾಡಿ ದಾರಿ ಆದ ಮೇಲೆಯೇ. ರೋಪ್ಸ್, ಮುಂದಿನ ತೂಕ ಕೊಟೇಶನ್ನಿನಲ್ಲಿ ಬರೆಸಿದ್ದೇನೆ. ಟ್ರೇಲರ್ ತೆಗೆಸಿ ಹಾಕಿದೆ.

ಮೂಡುಬಿದಿರೆ ಗೇರು

ಬಹಳ ಖುಷಿ ಆಯ್ತು. ಮಾರ್ಚ್, ಏಪ್ರಿಲ್‌ನಲ್ಲಿ ದಾರಿಗೆ ಬಿದ್ದ ಗೇರುಹಣ್ಣು ದಿನಾ ಗುಡಿಸಿಬಿಡಿ.

ಪೆರ್ಡೂರು ತೋಟ

ಖಂಡಿತ. ಆ ಕೆಲಸ ತಮ್ಮನಿಗೆ ಹೇಳಿದ್ದೇನೆ, ಅವನೂ ನಿಮ್ಮ ಕಥೆ ಓದಿದ. ಹಿರಿಯಡ್ಕ, ಪೆರ್ಡೂರು ಕಡೆ ಒಳ್ಳೆ ಹಿಟಾಚಿ ಆಪರೇಟರ್ ಯಾರಾದರೂ ಗೊತ್ತಿದ್ದರೆ ಮೆಸೇಜ್ ಮಾಡಿ. ಮರ ಉಳಿಸಿ ದಾರಿ ತೆಗೆಯುವವರು ಬೇಕು.

ಹೆಬ್ರಿ ಹಳ್ಳಿಮನೆ

ಕಳಿಸಿದ್ದೇನೆ ನೋಡಿ. ನಮ್ಮ ದಾರಿ ಮಾಡಿದವರೇ. ದೀಪಾವಳಿಗೆ ಮೊದಲೇ ಹೇಳಿಡಿ, ಆಮೇಲೆ ಜನವರಿವರೆಗೆ ಸಿಗುವುದಿಲ್ಲ.